ಪ್ರಶ್ನೋತ್ತರ: ಭಾವಚಿತ್ರಕ್ಕೆ ದಪ್ಪ ಬಣ್ಣ ಹಚ್ಚುವಾಗ

ಬ್ರಷ್ಷಿನ ಗೆರೆ, ಪೇಂಟಿಂಗ್ ನೈಫಿನ ಅಂಚು ಎದ್ದು ಕಾಣುವ ಹಾಗೆ ಬಣ್ಣವನ್ನು ದಪ್ಪಗೆ ಹಚ್ಚುವ ಇಂಪಾಸ್ಟೊ ವಿಧಾನದ ಬಗ್ಗೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಹಲವು ಪತ್ರಗಳು ಬಂದಿವೆ. ಬಹಳಷ್ಟು ಜನ ಕೇಳಿದ್ದು ಭಾವಚಿತ್ರದ ಬಗ್ಗೆಯೇ. ಒಂದೇ ತೆರನಾದ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ತೆಳ್ಳಗೆ ಬರೆದಾಗ ಹೋಲಿಕೆ ಸರಿಯಾಗಿ ಬರುತ್ತದೆ. ಅದೇ ಮುಖಕ್ಕೆ ದಪ್ಪ ಬಣ್ಣ ಹಚ್ಚತೊಡಗಿದರೆ ಅರ್ಧ ಗಂಟೆಯಲ್ಲಿ ಎಲ್ಲ ಕಲಸಿ ರಾಡಿಯಾಗುತ್ತದೆ. ಮೂಗು, ತುಟಿ ಗಡ್ಡೆ ಕಟ್ಟಿದ ಹಾಗೆ ಕಾಣುತ್ತವೆ. ಎಲ್ಲಿ ತಪ್ಪುತ್ತಿದ್ದೇನೆ?
— ಚಿತ್ರಕಲಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಬಣ್ಣವನ್ನು ನೀವು ಕ್ಯಾನ್ವಾಸಿನ ಮೇಲೆ ಕಲಸುತ್ತಿದ್ದೀರಿ. ತೆಳು ಬಣ್ಣದಲ್ಲಿ ಅದು ನಡೆಯುತ್ತದೆ. ದಪ್ಪ ಬಣ್ಣದಲ್ಲಿ ಕಲಸುವ ಕೆಲಸವೆಲ್ಲ ಪ್ಯಾಲೆಟ್ಟಿನಲ್ಲೇ ಮುಗಿಯಬೇಕು. ಕ್ಯಾನ್ವಾಸಿಗೆ ಬಂದ ಬಣ್ಣ ಇಟ್ಟಲ್ಲೇ ಇರಬೇಕು.

12×16 ಇಂಚಿನ ಕ್ಯಾನ್ವಾಸಿನಲ್ಲಿ ಒಂದು ತಲೆ ಎಂದು ಇಟ್ಟುಕೊಳ್ಳಿ. ಮೊದಲು ಕಡುಕಂದಿನ ಬರ್ನ್ಟ್ ಅಂಬರ್‌ಗೆ ಟರ್ಪೆಂಟೈನ್ ಬೆರೆಸಿ, ನೀರಾಗಿಸಿ, ರೇಖೆ ಮತ್ತು ನೆರಳಿನ ಜಾಗಗಳನ್ನು ಗುರುತಿಸಿ. ಬೆಳಕಿನ ಜಾಗಗಳನ್ನು ಬಟ್ಟೆಯಿಂದ ಒರೆಸಿ ತೆಗೆಯಿರಿ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ, ತೆಳ್ಳಗಿದ್ದರೆ ಒಂದೆರಡು ದಿನ ಸಾಕು. ಒಣಗಿದ ಮೇಲೆ ಈ ರೇಖೆಯನ್ನು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಮಾರ್ಕರ್‌ನಿಂದ ನಕಲು ಮಾಡಿಟ್ಟುಕೊಳ್ಳಿ. ದಪ್ಪ ಬಣ್ಣ ಬಿದ್ದಂತೆ ರೇಖೆ ಮುಚ್ಚಿಹೋಗುತ್ತದೆ. ಆಗ ಈ ಹಾಳೆಯನ್ನು ಚಿತ್ರಕ್ಕೆ ತಾಗದಂತೆ ಮುಂದೆ ಹಿಡಿದರೆ ಕಣ್ಣಿನ ಗೂಡು, ಮೂಗಿನ ಬುಡ, ಗದ್ದದ ತುದಿ ಎಲ್ಲಿಂದ ಎಲ್ಲಿಗೆ ಸರಿದಿವೆ ಎಂದು ಕೂಡಲೇ ಗೊತ್ತಾಗುತ್ತದೆ. ಹೋಲಿಕೆ ನಿಂತಿರುವುದು ಈ ಜಾಗಗಳ ಮೇಲೆ. ರೆಪ್ಪೆಗೂದಲು, ಹುಬ್ಬಿನ ಎಳೆಗಳಿಂದ ಹೋಲಿಕೆ ಬರುವುದಿಲ್ಲ.

ಆಮೇಲೆ ಪ್ಯಾಲೆಟ್ಟಿನಲ್ಲಿ ಆರು ಗುಡ್ಡೆ ಕಲಸಿ: ನೆರಳಿಗೆ ಎರಡು, ನಡುಛಾಯೆಗೆ ಎರಡು, ಬೆಳಕಿಗೆ ಎರಡು. ಅಳತೆ ಮೊದಲೇ ಲೆಕ್ಕ ಹಾಕಬಹುದು. ಮುಖ, ಕುತ್ತಿಗೆ ಸೇರಿ ಸುಮಾರು 400 ಚದರ ಸೆಂಟಿಮೀಟರ್ ಆದರೆ, ಬೆಳಕಿನ 130 ಚದರ ಸೆಂಟಿಮೀಟರಿಗೆ 3 ಮಿ.ಮೀ. ದಪ್ಪದಂತೆ ಸುಮಾರು 40 ಮಿ.ಲೀ. ಬೇಕು. ನಡುಛಾಯೆಯ 150ಕ್ಕೆ 1 ಮಿ.ಮೀ. ದಪ್ಪದಂತೆ 15 ಮಿ.ಲೀ. ನೆರಳಿಗೆ ನಾಲ್ಕು ಮಿ.ಲೀ. ಸಾಕು, ಏಕೆಂದರೆ ಅದು ತೆಳ್ಳಗೇ ಇರಬೇಕು. ಬೆಳಕಿನ ಬಣ್ಣ ಅರ್ಧದಲ್ಲಿ ಖಾಲಿಯಾಗಿ ಮತ್ತೆ ಕಲಸಲು ಹೋದರೆ ಅದೇ ಛಾಯೆ ಸಿಗುವುದಿಲ್ಲ. ಆಗ ಇದ್ದುದನ್ನೇ ಎಳೆದು ಹರಡುತ್ತೀರಿ, ರಾಡಿ ಶುರುವಾಗುವುದು ಅಲ್ಲಿಂದಲೇ. ಹದ ಗಟ್ಟಿ ಶ್ರೀಖಂಡದಂತಿರಲಿ: ನೈಫನ್ನು ತಲೆಕೆಳಗೆ ಹಿಡಿದರೂ ಬಣ್ಣ ಜಾರಬಾರದು.

ನಮ್ಮ ಗೋದಿ, ಕಂದು, ಕಪ್ಪು ಮೈಬಣ್ಣಕ್ಕೆ ಒಂದು ಎಚ್ಚರಿಕೆ. ತಿಳಿಯಾಗಿಸಬೇಕೆಂದು ಎಲ್ಲ ಗುಡ್ಡೆಗೂ ಬಿಳಿ ಬೆರೆಸಿದರೆ ಮುಖ ಸುಣ್ಣ ಬಳಿದಂತಾಗುತ್ತದೆ. ನಡುಛಾಯೆಯನ್ನು ಯೆಲ್ಲೊ ಓಕರ್ (ಮಣ್ಣಿನ ಹಳದಿ), ಲೈಟ್ ರೆಡ್ (ಇಟ್ಟಿಗೆಗೆಂಪು) ಮತ್ತು ಸ್ವಲ್ಪ ನೀಲಿ ಅಲ್ಟ್ರಾಮರೀನ್‌ನಿಂದಲೇ ಕಟ್ಟಿ. ಬಿಳಿ ಬಣ್ಣ ಬೆಳಕಿನ ಗುಡ್ಡೆಗಳಿಗೆ ಮಾತ್ರ ಇರಲಿ, ಅದೂ ಸ್ವಲ್ಪ ತಂಪು ಛಾಯೆಯಲ್ಲಿ. ಕಪ್ಪು ಚರ್ಮದ ಮೇಲಿನ ಹೊಳಪು ಆಕಾಶದ ಬೆಳಕನ್ನು ಪ್ರತಿಫಲಿಸುತ್ತದೆ. ಇನ್ನು ಕೆಂಗಂದಿನ ಬರ್ನ್ಟ್ ಸಿಯೆನಾ ಪಾರದರ್ಶಕ ಬಣ್ಣ. ತೆಳ್ಳಗೆ ಹಚ್ಚಿದಾಗ ಕೆಂಡದಂತೆ ಹೊಳೆಯುವ ಅದು 3 ಮಿ.ಮೀ. ದಪ್ಪವಾದರೆ ಕಪ್ಪಗೆ ಕೂರುತ್ತದೆ. ದಪ್ಪ ಜಾಗದಲ್ಲಿ ಅದರ ಬದಲು ಲೈಟ್ ರೆಡ್‌ನಂಥ ಅಪಾರದರ್ಶಕ ಬಣ್ಣ ಬಳಸಿ.

ಹಚ್ಚುವುದು ನೆರಳಿನಿಂದ ಬೆಳಕಿಗೆ, ತೆಳುವಿನಿಂದ ದಪ್ಪಕ್ಕೆ. ನಾಲ್ಕೈದು ಸೆಂಟಿಮೀಟರ್ ಅಲಗಿನ ವಜ್ರಾಕಾರದ ಪೇಂಟಿಂಗ್ ನೈಫ್, ಜೊತೆಗೆ 8ರಿಂದ 12ನೇ ನಂಬರಿನ ಚಪ್ಪಟೆ ಹಂದಿಕೂದಲ ಬ್ರಷ್ ಇದ್ದರೆ ಸಾಕು. ಅಲಗಿನ ಕೆಳಮೈಗೆ ಬಣ್ಣ ತೆಗೆದುಕೊಳ್ಳಿ. 20-30 ಡಿಗ್ರಿ ಓರೆಯಲ್ಲಿ ಒತ್ತಿ, ಎಳೆದು, ಎತ್ತಿಬಿಡಿ. ಅದರ ಮೇಲೆ ಮತ್ತೆ ಕೈಯಾಡಿಸಬೇಡಿ. ಪ್ರತಿ ಸಲವೂ ನೈಫ್ ಒರೆಸಿ. ಒಂದು ಎಳೆತ ಅಂದರೆ ಮುಖದ ಒಂದು ಮಗ್ಗುಲು: ಹಣೆಯ ಮುಂಭಾಗ ಒಂದು, ಕಣತಲೆಯ ಕಡೆ ತಿರುಗುವ ಭಾಗ ಇನ್ನೊಂದು, ಮೂಗಿನ ದಿಂಡು, ಅದರ ಪಕ್ಕ, ಕೆನ್ನೆಯೆಲುಬಿನ ಮೇಲ್ಮೈ. ಎಳೆತದ ದಿಕ್ಕು ಆ ಮಗ್ಗುಲು ಹರಿಯುವ ದಿಕ್ಕಿಗೇ ಇರಲಿ.

ನಿಮ್ಮ ತುಟಿ, ಮೂಗು ಗಡ್ಡೆ ಕಟ್ಟುವುದಕ್ಕೆ ಕಾರಣ ಎಲ್ಲ ಕಡೆ ಒಂದೇ ದಪ್ಪ ಇರುವುದು. ಮೂಗಿನ ಹೊಳ್ಳೆ, ಕಣ್ಣಿನ ಗೂಡು, ತುಟಿಗಳ ನಡುವಿನ ಗೆರೆ, ಗದ್ದದ ಕೆಳಗಿನ ನೆರಳು ತೆಳ್ಳಗೆ, ಕ್ಯಾನ್ವಾಸಿನ ನೇಯ್ಗೆ ಕಾಣುವಷ್ಟು ತೆಳ್ಳಗೆ ಉಳಿಯಲಿ. ಹಣೆ, ಕೆನ್ನೆಯೆಲುಬು, ಮೂಗಿನ ತುದಿ, ಕೆಳದುಟಿಯ ಉಬ್ಬು ಏಳಲಿ. ಕಣ್ಣಿನ ಬಿಳಿಗುಡ್ಡೆಗೆ ದಪ್ಪ ಬಿಳಿ ಮೆತ್ತುವುದು ಬಹಳ ಜನ ಮಾಡುವ ತಪ್ಪು. ಮೇಲಿನ ರೆಪ್ಪೆಯ ನೆರಳಿನಲ್ಲಿರುವ ಅದು ನಿಜದಲ್ಲಿ ಬೂದು ನಡುಛಾಯೆ. 17ನೇ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್ ನೆರಳನ್ನು ತೆಳ್ಳಗೆ ಬಿಟ್ಟು ಬೆಳಕನ್ನು ಮಾತ್ರ ದಪ್ಪಗೆ ಕಟ್ಟಿದ್ದು ಈ ಕಾರಣಕ್ಕೇ. ನೆರಳನ್ನೂ ದಪ್ಪ ಮಾಡಿದರೆ ಅದರ ಏರುತಗ್ಗು ಕೋಣೆಯ ಬೆಳಕನ್ನು ಹಿಡಿದು ಮಿನುಗುತ್ತದೆ, ಆಳ ಹೋಗಿಬಿಡುತ್ತದೆ.

ಆದರೂ ಕೆಟ್ಟರೆ ತಿದ್ದುತ್ತ ಕೂರಬೇಡಿ. ಅದೇ ದಿನ ಆ ಭಾಗವನ್ನು ಕೆರೆದು ತೆಗೆಯಿರಿ. ಉಳಿದ ಮಸುಕು ಕಲೆ ಮರುದಿನಕ್ಕೆ ಒಳ್ಳೆಯ ನೆಲ. ಲಂಡನ್ನಿನ ಚಿತ್ರಕಾರ ಫ್ರಾಂಕ್ ಆವರ್‌ಬಾಕ್ (1931–2024) ಒಪ್ಪಿಗೆಯಾಗದ ಚಿತ್ರವನ್ನು ಪೂರ್ತಿ ಕೆರೆದು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ಅವರ ಕೃತಿಗಳಲ್ಲಿ ಒಂದೇ ಬೀಸಿನಲ್ಲಿ ಬಂದಂತೆ ಕಾಣುವ ಮುಖಗಳ ಹಿಂದೆ ಹೀಗೆ ಕೆರೆದು ತೆಗೆದ ಎಷ್ಟೋ ಮುಖಗಳಿವೆ.

ಪ್ರಶ್ನೆ: ಮನೆಯಲ್ಲಿ ಶಿಲ್ಪದಂತೆ ಎದ್ದು ಕಂಡ ಚಿತ್ರ ಪ್ರದರ್ಶನದ ಗೋಡೆಯಲ್ಲಿ ಚಪ್ಪಟೆಯಾಗಿ, ಮೇಲಾಗಿ ಮುಖ ಗಾಯವಾದಂತೆ ಕಂಡಿತು. ಬಣ್ಣ ಬದಲಾಗಿಲ್ಲ. ಹೀಗೇಕೆ?
— ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ದಪ್ಪ ಬಣ್ಣದ ಚಿತ್ರದಲ್ಲಿ ಎರಡು ಬೆಳಕುಗಳಿರುತ್ತವೆ. ಒಂದು ನೀವು ಬರೆದದ್ದು. ಇನ್ನೊಂದು ಕೋಣೆಯದು, ಬಣ್ಣದ ಏಣುಗಳ ಮೇಲೆ ಅದು ಬಿದ್ದು ನಿಜವಾದ ನೆರಳು ಮೂಡಿಸುತ್ತದೆ. ಎರಡೂ ಒಂದೇ ಕಡೆಯಿಂದ ಬಂದರೆ ಮುಖ ಗಟ್ಟಿಯಾಗಿ ನಿಲ್ಲುತ್ತದೆ. ಎದುರುಬದುರಾದರೆ ಕೆನ್ನೆಯ ಬೆಳಕಿನ ಭಾಗದಲ್ಲೇ ಏಣಿನ ಕಪ್ಪು ನೆರಳುಗಳು ಬಿದ್ದು ನೀವು ಹೇಳಿದಂತೆ ಗಾಯದ ಗೆರೆಯಾಗುತ್ತವೆ. ಟ್ಯೂಬ್‌ಲೈಟ್ ನೇರ ಎದುರಿಗಿದ್ದರೆ ನೆರಳೇ ಬೀಳದೆ ಎಲ್ಲ ಚಪ್ಪಟೆ.

ಬರೆಯುವಾಗಲೇ ಕಿಟಕಿ ಯಾವ ಕಡೆಗಿದೆಯೋ ಚಿತ್ರದೊಳಗಿನ ಬೆಳಕೂ ಆ ಕಡೆಯಿಂದ, ಸ್ವಲ್ಪ ಮೇಲಿನಿಂದ ಬರಲಿ. ಪ್ರದರ್ಶನದ ದೀಪಗಳು ಸಾಮಾನ್ಯವಾಗಿ ಮೇಲಿನಿಂದಲೇ ಇರುತ್ತವೆ. ಹಾಗಾಗಿ ಮೇಲ್ಬೆಳಕಿಗೆ ಬರೆದ ಭಾವಚಿತ್ರ ಬಹುತೇಕ ಕಡೆ ನಿಭಾಯಿಸುತ್ತದೆ. ತೂಗುಹಾಕುವಾಗ ದೀಪ ಗೋಡೆಗೆ ಸುಮಾರು 30 ಡಿಗ್ರಿ ಓರೆಯಲ್ಲಿರಲಿ. ಅದಕ್ಕಿಂತ ಗೋಡೆಗೆ ಒತ್ತಿದರೆ ಕ್ಯಾನ್ವಾಸಿನ ಸಣ್ಣ ಉಬ್ಬುತಗ್ಗೂ ಗುಡ್ಡವಾಗಿ ಕಾಣುತ್ತದೆ. ಚಿತ್ರ ಮುಗಿಯುವ ಮೊದಲು ಮೊಬೈಲ್ ಟಾರ್ಚನ್ನು ಎಡ, ಬಲ, ಮೇಲಿನಿಂದ ಹಿಡಿದು ನೋಡಿ. ನೀವು ಬಯಸದ ನೆರಳು ಬೀಳಿಸುವ ಏಣನ್ನು ಹಸಿಯಿರುವಾಗಲೇ ನೈಫಿನ ಬೆನ್ನಿನಿಂದ ತಟ್ಟಿ ಕೂರಿಸಬಹುದು.

ಹಳೆಯ ದೇವಾಲಯಗಳ ಲಕ್ಕುಂಡಿ ಹತ್ತಿರವೇ ಇದೆ. ಅಲ್ಲಿನ ಬಳಪದ ಕಲ್ಲಿನ ಕೆತ್ತನೆಯನ್ನು ಬೆಳಗ್ಗೆ ಓರೆಬಿಸಿಲಿನಲ್ಲಿ ಒಮ್ಮೆ, ನಡುಮಧ್ಯಾಹ್ನ ಇನ್ನೊಮ್ಮೆ ನೋಡಿ ಬನ್ನಿ. ಕಲ್ಲು ಅದೇ, ಉಬ್ಬು ಅದೇ. ಕಾಣುವ ಆಳ ಎಷ್ಟು ಬದಲಾಗುತ್ತದೆ ಎಂದು ಅಲ್ಲಿ ಕಲಿತದ್ದು ಯಾವ ಪಾಠದಲ್ಲೂ ಸಿಗುವುದಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಮುಗಿಸಿದ ತೈಲವರ್ಣ ಭಾವಚಿತ್ರ. ಮೇಲೆ ಒಣಗಿದೆ, ಉಗುರಿನಿಂದ ಒತ್ತಿದರೆ ಒಳಗೆ ಮೆತ್ತಗಿದೆ. ಹಣೆಯ ಮೇಲೆ ಸುಕ್ಕೂ ಬಂದಿದೆ. ಬಿಸಿಲಿಗೆ ಇಡಲೇ?
— ಓದುಗರು, ಹಾವೇರಿ

ಉತ್ತರ: ಬಿಸಿಲೂ ಬೇಡ, ಹೇರ್ ಡ್ರೈಯರೂ ಬೇಡ. ತೈಲವರ್ಣದಲ್ಲಿ ನೀರಿನಂತೆ ಆರಿಹೋಗುವ ಭಾಗವಿಲ್ಲ. ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಗಾಳಿ ತಾಗುವ ಮೇಲ್ಪದರ ಮೊದಲು ಗಟ್ಟಿಯಾಗಿ ಕೆನೆ ಕಟ್ಟುತ್ತದೆ, ಕೆಳಗಿನದಕ್ಕೆ ಆಮ್ಲಜನಕ ನಿಧಾನವಾಗಿ ಇಳಿಯಬೇಕು. ಆಮ್ಲಜನಕ ಹೀರಿದ ಕೆನೆ ಹಿಗ್ಗುತ್ತದೆ, ಕೆಳಗೆ ಮೆತ್ತಗಿರುವುದರಿಂದ ಮಡಿಚಿಕೊಳ್ಳುತ್ತದೆ. ಅದೇ ಸುಕ್ಕು. ಬಣ್ಣಕ್ಕೆ ಹೆಚ್ಚಿಗೆ ಎಣ್ಣೆ ಸೇರಿಸಿದ್ದರೆ ಸುಕ್ಕು ಖಾತ್ರಿ. ಬಿಸಿ ತಾಗಿಸಿದರೆ ಕೆನೆ ಇನ್ನೂ ಬೇಗ ಗಟ್ಟಿಯಾಗಿ ಒಳಗಿನದು ಇನ್ನೂ ತಡವಾಗುತ್ತದೆ.

ಬಣ್ಣದಿಂದ ಬಣ್ಣಕ್ಕೂ ಅಂತರವಿದೆ. ತೆಳು ಪದರದಲ್ಲಿ ಅಂಬರ್ ಎರಡು-ಮೂರು ದಿನಕ್ಕೆ ಒಣಗಿದರೆ ಟೈಟಾನಿಯಂ ವೈಟ್‌ಗೆ ವಾರ ಬೇಕು. ಐವರಿ ಬ್ಲ್ಯಾಕ್, ಅಲಿಜರಿನ್ ಕ್ರಿಮ್ಸನ್ ಇನ್ನೂ ನಿಧಾನ. ನಾಲ್ಕೈದು ಮಿ.ಮೀ. ದಪ್ಪದಲ್ಲಿ ಒಳಗಿನ ಬಣ್ಣ ವರ್ಷಗಟ್ಟಲೆ ಮೆತ್ತಗಿರಬಹುದು. ಅದು ದೋಷವೇನಲ್ಲ, ಮುಟ್ಟದೆ ಬಿಟ್ಟರೆ ಸಾಕು. ಗಾಳಿ, ಬೆಳಕು ಇರುವ ಕೋಣೆಯಲ್ಲಿ, ನೇರ ಬಿಸಿಲಿನಿಂದ ದೂರ ಇಡಿ. ಕತ್ತಲಲ್ಲಿಟ್ಟರೆ ಅಗಸೆ ಎಣ್ಣೆ ಹಳದಿಗಟ್ಟುತ್ತದೆ. ಗೋಡೆಗೂ ಚಿತ್ರಕ್ಕೂ ಎರಡು ಇಂಚು ಸಂದು ಇರಲಿ. ಮಳೆಗಾಲದ ತೇವಕ್ಕೆ ಕ್ಯಾನ್ವಾಸಿನ ಬೆನ್ನಿಗೆ ಬೂಷ್ಟು ಹಿಡಿಯುತ್ತದೆ. ಸುಕ್ಕು ಕಣ್ಣಿಗೆ ಚುಚ್ಚುವಂತಿದ್ದರೆ ಆ ಭಾಗದ ಕೆನೆಯನ್ನು ಬ್ಲೇಡಿನಿಂದ ಬಿಡಿಸಿ, ಒಳಗಿನ ಹಸಿ ಬಣ್ಣ ಕೆರೆದು, ಒಣಗಲು ಬಿಟ್ಟು ಮತ್ತೆ ಹಚ್ಚಿ. ವಾರ್ನಿಷ್ ಈಗಲೇ ಹಚ್ಚಬೇಡಿ.

ಮುಂದಿನ ಸಲ ಮೂರು ಮಿ.ಮೀ.ಗಿಂತ ದಪ್ಪ ಬೇಕಾದರೆ ಪದರ ಪದರವಾಗಿ ಏರಿಸಿ, ನಡುವೆ ಏಳರಿಂದ ಹತ್ತು ದಿನ ಬಿಡಿ. ಕೆಳಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು ಎಂಬ ನಿಯಮ ದಪ್ಪ ಬಣ್ಣಕ್ಕೂ ಉಂಟು. ಉಲ್ಟಾ ಮಾಡಿದರೆ ಮೇಲಿನ ಪದರ ಸೀಳುತ್ತದೆ. ಬೇಗ ಒಣಗಬೇಕೆಂದರೆ ಮೂರು ಪಾಲು ಬಣ್ಣಕ್ಕೆ ಒಂದು ಪಾಲು ಅಲ್ಕಿಡ್ ಇಂಪಾಸ್ಟೊ ಮೀಡಿಯಂ (ಬಣ್ಣಕ್ಕೆ ಬೆರೆಸುವ, ಬೇಗ ಒಣಗುವ ರಾಳ) ಸೇರಿಸಿ. ಇದರಿಂದ ಗಾತ್ರವೂ ಬರುತ್ತದೆ, ಟ್ಯೂಬಿನ ಬಣ್ಣವೂ ಉಳಿಯುತ್ತದೆ.

ಬಿಳಿ ಟ್ಯೂಬ್ ಕೊಳ್ಳುವಾಗ ಹಿಂದೆ ಬರೆದ ಪಿಗ್ಮೆಂಟ್ ಸಂಕೇತ ಓದಿ. ಪಿಡಬ್ಲ್ಯು 6 ಅಂದರೆ ಟೈಟಾನಿಯಂ, ಪಿಡಬ್ಲ್ಯು 4 ಅಂದರೆ ಜಿಂಕ್. ಜಿಂಕ್ ಪದರ ಕಾಲಾಂತರದಲ್ಲಿ ಗಡುಸಾಗಿ, ಬಿರಿದು, ಚಕ್ಕೆ ಏಳುತ್ತದೆ. ದಪ್ಪ ಕೆಲಸಕ್ಕೆ ಪಿಡಬ್ಲ್ಯು 4 ಇಲ್ಲದ ಬಿಳಿಯೇ ಬೇಕು. ಬ್ರಿಟಿಷ್ ಚಿತ್ರಕಾರ ಲೂಸಿಯನ್ ಫ್ರಾಯ್ಡ್ ಮೈಚರ್ಮಕ್ಕೆ ಬಳಸಿದ ಕ್ರೆಮ್ನಿಟ್ಜ್ ವೈಟ್ ಸೀಸದ ಬಿಳಿ. ರೆಂಬ್ರಾಂಟ್‌ನ ದಪ್ಪ ಬಿಳಿಯಲ್ಲೂ ಪ್ಲಂಬೊನಾಕ್ರೈಟ್ ಎಂಬ ಅಪರೂಪದ ಸೀಸದ ಸಂಯುಕ್ತ ಇರುವುದನ್ನು 2019ರಲ್ಲಿ ಸಂಶೋಧಕರು ಪ್ರಕಟಿಸಿದರು. ಸೀಸ ನಿಜಕ್ಕೂ ಒಳ್ಳೆಯ ಪದರ ಕೊಡುತ್ತದೆ, ಆದರೆ ವಿಷ. ಮಕ್ಕಳಿರುವ, ಅಡುಗೆ ಮಾಡುವ ಮನೆಯೊಳಗೆ ಅದು ಬೇಡವೇ ಬೇಡ.

ಪ್ರಶ್ನೆ: ಸರ, ನಮ್ಮಲ್ಲೆ ಗಾಣದ ಅಗಸಿ ಎಣ್ಣಿ, ಕುಸುಬಿ ಎಣ್ಣಿ ಚಲೋ ಸಿಗತಾವ. ಟ್ಯೂಬ್ ಬಣ್ಣ ಭಾಳ ಗಟ್ಟಿ ಅನಿಸಿದಾಗ ಇವನ್ನ ಸೇರಿಸಬಹುದೇನ್ರಿ? ಅಂಗಡ್ಯಾಗ ಸಿಗೋ ಲಿನ್ಸೀಡ್ ಎಣ್ಣಿಗೂ ಇದಕ್ಕೂ ಏನ್ ಫರಕ್?
— ಓದುಗರು, ಗದಗ

ಉತ್ತರ: ಎರಡೂ ಚಿತ್ರಕಾರರ ಎಣ್ಣೆಗಳೇ. ಲಿನ್ಸೀಡ್ ಅಂದರೆ ಅಗಸೆ ಎಣ್ಣೆಯೇ. ಕುಸುಬೆ ಎಣ್ಣೆ ಕಡಿಮೆ ಹಳದಿಗಟ್ಟುವುದರಿಂದ ಹಲವು ಕಂಪನಿಗಳು ಬಿಳಿ ಬಣ್ಣವನ್ನು ಅದರಲ್ಲೇ ಅರೆಯುತ್ತವೆ. ಒಣಗುವುದು ನಿಧಾನ, ಪದರವೂ ಅಗಸೆಯಷ್ಟು ಗಟ್ಟಿಯಲ್ಲ.

ಆದರೆ ಗಾಣದಿಂದ ಬಂದ ಅಗಸೆ ಎಣ್ಣೆಯಲ್ಲಿ ಬೀಜದ ಲೋಳೆ ಮತ್ತು ಗಸಿ ಉಳಿದಿರುತ್ತವೆ. ಅದರಿಂದ ಪದರ ಮಂಕಾಗುತ್ತದೆ, ತೇವ ಹಿಡಿಯುತ್ತದೆ, ಬೇಗ ಹಳದಿಗಟ್ಟುತ್ತದೆ. ಚಿತ್ರದಂಗಡಿಯ ಎಣ್ಣೆಯಲ್ಲಿ ಇದನ್ನು ತೆಗೆದಿರುತ್ತಾರೆ. ಮನೆಯಲ್ಲಿ ಮಾಡುವುದಾದರೆ ಗಾಜಿನ ಬಾಟಲಿಯಲ್ಲಿ ಒಂದು ಪಾಲು ಎಣ್ಣೆಗೆ ಎರಡು ಪಾಲು ನೀರು, ಸ್ವಲ್ಪ ಉಪ್ಪು, ಒಂದು ಹಿಡಿ ತೊಳೆದ ಮರಳು ಹಾಕಿ ಚೆನ್ನಾಗಿ ಕುಲುಕಿ ಬಿಡಿ. ಲೋಳೆ ನೀರಿಗೂ ಎಣ್ಣೆಗೂ ನಡುವೆ ಬೆಳ್ಳನೆ ಪದರವಾಗಿ ನಿಲ್ಲುತ್ತದೆ. ಮೇಲಿನ ಎಣ್ಣೆ ಬಸಿದು, ಹೊಸ ನೀರಿನಲ್ಲಿ ಮತ್ತೆ ತೊಳೆಯಿರಿ. ಬೆಳ್ಳನೆ ಪದರ ಬರುವುದು ನಿಂತ ಮೇಲೆ ಎಣ್ಣೆಯನ್ನು ಅಗಲ ಬಾಯಿಯ ಗಾಜಿನ ಪಾತ್ರೆಯಲ್ಲಿ, ಬಟ್ಟೆ ಕಟ್ಟಿ, ಕಿಟಕಿಯ ಬೆಳಕಿಗಿಟ್ಟು ತಿಳಿಯಾಗಲು ಬಿಡಿ.

ಅಡುಗೆಯ ಕುಸುಬೆ ಎಣ್ಣೆ ಕೊಳ್ಳುವಾಗ ಲೇಬಲ್ ನೋಡಿ. ಈಗ ಓಲಿಯಿಕ್ ಆಮ್ಲ ಹೆಚ್ಚಿರುವ ತಳಿಗಳ ಎಣ್ಣೆಯೂ ಬರುತ್ತದೆ. ಅದು ಒಣಗುವುದೇ ಇಲ್ಲ. ಕೆಡದಂತೆ ಆಂಟಿಆಕ್ಸಿಡೆಂಟ್ ಬೆರೆಸಿದ ರಿಫೈಂಡ್ ಎಣ್ಣೆಯೂ ಕೆಲಸಕ್ಕೆ ಬಾರದು. ಆಮ್ಲಜನಕ ಹಿಡಿಯದಂತೆ ತಡೆಯುವುದೇ ಅದರ ಕೆಲಸ. ಗಾಜಿನ ತುಂಡಿಗೆ ಒಂದು ಹನಿ ತೆಳ್ಳಗೆ ಸವರಿಡಿ. ಅಗಸೆ ವಾರದೊಳಗೆ, ಕುಸುಬೆ ಎರಡು ವಾರದೊಳಗೆ ಬೆರಳಿಗೆ ಅಂಟದಂತಾಗದಿದ್ದರೆ ಆ ಎಣ್ಣೆ ಬಿಡಿ. ಶೇಂಗಾ ಎಣ್ಣೆ ಎಂದಿಗೂ ಒಣಗದು.

ಇಷ್ಟೆಲ್ಲ ಹೇಳಿದ ಮೇಲೂ, ದಪ್ಪ ಬಣ್ಣಕ್ಕೆ ಎಣ್ಣೆ ಸೇರಿಸುವುದೇ ಬೇಡ ಎಂಬುದು ನಮ್ಮ ಸಲಹೆ. ಗಟ್ಟಿ ಎನಿಸಿದರೆ ನೈಫಿನಿಂದ ಎರಡು ನಿಮಿಷ ಅರೆಯಿರಿ, ಸಡಿಲವಾಗುತ್ತದೆ. ಕೆಲವು ಅಗ್ಗದ ಟ್ಯೂಬುಗಳಲ್ಲಿ ಎಣ್ಣೆ ಮೊದಲೇ ಹೆಚ್ಚಿರುತ್ತದೆ. ಅಂಥದ್ದನ್ನು ಇಂಗುಕಾಗದದ (ಬ್ಲಾಟಿಂಗ್ ಪೇಪರ್) ಮೇಲೆ ಅರ್ಧ ಗಂಟೆ ಇಟ್ಟು ಎಣ್ಣೆ ಇಳಿಸಿ. ರಾತ್ರಿಯಿಡೀ ಬಿಟ್ಟರೆ ಎಣ್ಣೆ ಪೂರ್ತಿ ಬತ್ತಿ ಬಣ್ಣ ಪುಡಿ ಉದುರುತ್ತದೆ.

ಮುಖ್ಯವಾದ ಮಾತೊಂದು: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಹೊರಹೋಗದೆ ತಾನಾಗಿ ಬೆಂಕಿ ಹತ್ತಬಲ್ಲದು. ಏಪ್ರಿಲ್-ಮೇ ಬಿಸಿಲಲ್ಲಿ ಅಪಾಯ ಇನ್ನೂ ಹೆಚ್ಚು. ನೀರು ತುಂಬಿದ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಹಾಕಿಡಿ.

ಪ್ರಶ್ನೆ: ಹೈಸ್ಕೂಲ್ ಮಕ್ಕಳಿಗೆ ಈ ವಿಧಾನ ತೋರಿಸಬೇಕು. ಉಬ್ಬು ಮೂಡಿಸುವ ಮಾಡೆಲಿಂಗ್ ಪೇಸ್ಟ್ ಕೊಳ್ಳುವಷ್ಟು ಹಣವಿಲ್ಲ. ಅಕ್ರಿಲಿಕ್‌ಗೆ ವಾಲ್ ಪುಟ್ಟಿ ಅಥವಾ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬೆರೆಸಬಹುದೇ?
— ಚಿತ್ರಕಲಾ ಶಿಕ್ಷಕರು, ರಾಣೆಬೆನ್ನೂರು

ಉತ್ತರ: ಪಿಒಪಿ ಹತ್ತಿಪ್ಪತ್ತು ನಿಮಿಷದಲ್ಲಿ ಕೈಯಲ್ಲೇ ಗಟ್ಟಿಯಾಗುತ್ತದೆ, ಒಣಗಿದ ಮೇಲೆ ಬಿರಿಯುತ್ತದೆ. ಬಿಳಿ ಸಿಮೆಂಟಿನ ಪುಟ್ಟಿ ಕ್ಷಾರೀಯ. ಪ್ರಶಿಯನ್ ಬ್ಲೂನಂಥ ಬಣ್ಣ ಅದರಲ್ಲಿ ಕೆಡುತ್ತದೆ, ಮಕ್ಕಳ ಕೈ ಚರ್ಮಕ್ಕೂ ಒಳ್ಳೆಯದಲ್ಲ. ಇವುಗಳ ಬದಲು ಕಲ್ಲಿನ ಬಿಳಿ ರಂಗೋಲಿ ಪುಡಿಯನ್ನು ತೆಳು ಬಟ್ಟೆಯಲ್ಲಿ ಸೋಸಿ, ಎರಡು ಪಾಲು ಪುಡಿಗೆ ಒಂದು ಪಾಲು ಅಕ್ರಿಲಿಕ್ ಮೀಡಿಯಂ (ಬಣ್ಣವಿಲ್ಲದ ಅಕ್ರಿಲಿಕ್ ಅಂಟು) ಹಾಕಿ ನಾದಿ. ಮೀಡಿಯಂ ಇಲ್ಲದಿದ್ದರೆ ಬಡಿಗರ ಬಿಳಿ ಫೆವಿಕಾಲ್ ನಡೆಯುತ್ತದೆ, ಆದರೆ ಅದು ಅಭ್ಯಾಸಕ್ಕೆ ಮಾತ್ರ: ತೇವಕ್ಕೆ ಮೆತ್ತಗಾಗುತ್ತದೆ, ಬಹುಕಾಲ ಉಳಿಸುವ ಚಿತ್ರಕ್ಕೆ ಸಲ್ಲದು. ಸೋಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲಿ.

ಗಟ್ಟಿ ರಟ್ಟು ಅಥವಾ ಪ್ಲೈವುಡ್ ತುಂಡಿನ ಮೇಲೆ ಒಂದು ಸಲಕ್ಕೆ 3 ಮಿ.ಮೀ. ಮೀರದಂತೆ ಹಚ್ಚಿಸಿ. ಒಂದು ದಿನ ಒಣಗಲಿ. ನೀರು ಹೋದಂತೆ ಪೇಸ್ಟ್ ಕುಗ್ಗಿ ಸಣ್ಣ ಬಿರುಕು ಬರುತ್ತದೆ, ಅದನ್ನು ಎರಡನೇ ಪದರದಲ್ಲಿ ತುಂಬಿಸಿ. ಬಣ್ಣ ಆಮೇಲೆ. ಬ್ರಷ್ಷಿಗಿಂತ ಹಳೆಯ ಎಟಿಎಂ ಕಾರ್ಡ್ ಕತ್ತರಿಸಿ ಕೊಟ್ಟರೆ ಮಕ್ಕಳು ಮುಖದ ಮಗ್ಗುಲುಗಳನ್ನು ಬೇಗ ಹಿಡಿಯುತ್ತಾರೆ. ಅದಕ್ಕೂ ಮೊದಲು ಒಂದು ಪಿರಿಯಡ್ ಕುಂಬಾರರ ಜೇಡಿಮಣ್ಣಿನಲ್ಲಿ ಬರಿ ಮೂಗನ್ನೇ ಮಾಡಿಸಿ.

ಪ್ರಶ್ನೆ: ಬೆಂಗೇರಿ, ಗರಗದ ಖಾದಿ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ಅದನ್ನೇ ಕ್ಯಾನ್ವಾಸ್ ಮಾಡಿ ದಪ್ಪ ಬಣ್ಣ ಹಚ್ಚಬಹುದೇ?
— ಓದುಗರು, ಹಳೇ ಹುಬ್ಬಳ್ಳಿ

ಉತ್ತರ: ಚೌಕಟ್ಟಿಗೆ ಬಿಗಿದು ಬೇಡ. ಬಿಳಿ ತೈಲವರ್ಣ ಒಂದು ಮಿ.ಲೀ.ಗೆ ಸುಮಾರು ಎರಡು ಗ್ರಾಂ ತೂಗುತ್ತದೆ. 16×20 ಇಂಚಿನ ಕ್ಯಾನ್ವಾಸಿಗೆ ಸರಾಸರಿ ಒಂದು ಮಿ.ಮೀ. ಹಚ್ಚಿದರೂ 200 ಮಿ.ಲೀ., ಅಂದರೆ 400 ಗ್ರಾಂ. ಸಡಿಲ ನೇಯ್ಗೆಯ ಬಟ್ಟೆ ಅದರ ಭಾರಕ್ಕೆ ಜೋತು, ಮಳೆ-ಬಿಸಿಲಿಗೆ ಹಿಗ್ಗಿ ಕುಗ್ಗಿ, ಒಣಗಿದ ಬಣ್ಣವನ್ನು ಬಿರಿಸುತ್ತದೆ.

ಹಲಗೆಗೆ ಅಂಟಿಸಿದರೆ ಖಾದಿ ಬಹಳ ಚೆನ್ನ. ಅದರ ಒರಟು ನೂಲು ಮೊದಲ ಪದರವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಬಟ್ಟೆಯನ್ನು ಬಿಸಿನೀರಲ್ಲಿ ತೊಳೆದು ಗಂಜಿ ತೆಗೆದು ಒಣಗಿಸಿ. 12×16ರವರೆಗೆ 6 ಮಿ.ಮೀ. ಪ್ಲೈವುಡ್ ಸಾಕು, ದೊಡ್ಡದಕ್ಕೆ ಹಿಂದೆ ಮರದ ಪಟ್ಟಿಯ ಚೌಕಟ್ಟು ಹೊಡೆಸಿ. ಹಲಗೆಗೆ ಅಕ್ರಿಲಿಕ್ ಮೀಡಿಯಂ ಸವರಿ, ಬಟ್ಟೆ ಹಾಸಿ, ನಡುವಿನಿಂದ ಅಂಚಿನ ಕಡೆಗೆ ಗಾಳಿ ಹೊರಡುವಂತೆ ಒತ್ತಿ. ಒಣಗಿದ ಮೇಲೆ ಮೂರು ಕೋಟು ಜೆಸ್ಸೊ (ಬಣ್ಣ ಹಿಡಿಯಲು ಮೊದಲೇ ಬಳಿಯುವ ಬಿಳಿ ಲೇಪ). ಹಿಂಬದಿಗೂ ಒಂದು ಕೋಟು ಹೊಡೆಯದಿದ್ದರೆ ಹಲಗೆ ಬಾಗುತ್ತದೆ.

ಪ್ರಶ್ನೆ: ತೈಲವರ್ಣದ ಮೇಲೆ ಅಕ್ರಿಲಿಕ್ ಹಚ್ಚಬಹುದೇ?
— ಓದುಗರು, ಲಕ್ಷ್ಮೇಶ್ವರ

ಉತ್ತರ: ಇಲ್ಲ, ಹಿಡಿಯದೆ ಸುಲಿದು ಬರುತ್ತದೆ. ಅಕ್ರಿಲಿಕ್ ಪೂರ್ತಿ ಒಣಗಿದ ಮೇಲೆ ಅದರ ಮೇಲೆ ತೈಲವರ್ಣ ಹಚ್ಚಬಹುದು.

ಪ್ರಶ್ನೆ: ದಪ್ಪ ಬಣ್ಣದ ಸಂದುಗಳಲ್ಲಿ ಧೂಳು ಕೂತಿದೆ, ನಮ್ಮ ಕಡೆ ಗಾಳಿಯೂ ಹೆಚ್ಚು. ಹೇಗೆ ತೆಗೆಯಲಿ? ಇದೇ ಚಿತ್ರವನ್ನು ಬಸ್ ಪಾರ್ಸಲ್‌ನಲ್ಲಿ ಬೆಂಗಳೂರಿಗೆ ಕಳಿಸಬೇಕು.
— ಓದುಗರು, ನರಗುಂದ

ಉತ್ತರ: ಒದ್ದೆ ಬಟ್ಟೆ ಮುಟ್ಟಿಸಬೇಡಿ, ಧೂಳು ಕೆಸರಾಗಿ ಸಂದಿಗೆ ಇಳಿಯುತ್ತದೆ. ಬಣ್ಣ ಗಟ್ಟಿಯಾಗಿದ್ದರೆ ಚಿತ್ರವನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ ಹಿಡಿದು, ಮೆತ್ತನೆಯ ಒಣ ಬ್ರಷ್ಷಿನಿಂದ ಮೇಲಿನಿಂದ ಕೆಳಗೆ ಸವರಿ. ಹಸಿಯಾಗಿದ್ದಾಗ ಕೂತ ಧೂಳು ಕೆನೆಯೊಳಗೇ ಸೇರಿರುತ್ತದೆ, ಅದು ಬರುವುದಿಲ್ಲ. ಮುಂದೆ ಚಿತ್ರ ಒಣಗುವವರೆಗೆ ಅದರ ಮೇಲೆ ಒಂದು ಅಡಿ ಎತ್ತರದಲ್ಲಿ ಓರೆಯಾಗಿ ರಟ್ಟು ಕಟ್ಟಿ. ಗಾಳಿ ಆಡುತ್ತದೆ, ಧೂಳು ಬೀಳುವುದಿಲ್ಲ.

ಕಳಿಸುವಾಗ ಬಣ್ಣಕ್ಕೆ ಏನೂ ತಾಗಬಾರದು. ಬಬಲ್ ರ್‍ಯಾಪ್ ನೇರ ಸುತ್ತಿದರೆ ಅದರ ಗುಳ್ಳೆಯ ಅಚ್ಚು ಬಣ್ಣದ ಮೇಲೆ ಬೀಳುತ್ತದೆ, ಬಿಸಿಗೆ ಅಂಟಿಯೂ ಬಿಡುತ್ತದೆ. ಬಣ್ಣದ ಅತಿ ಎತ್ತರದ ಉಬ್ಬಿಗಿಂತ ಎರಡು ಇಂಚು ಹೆಚ್ಚು ಆಳದ ಪ್ಲೈವುಡ್ ಪೆಟ್ಟಿಗೆ ಮಾಡಿಸಿ, ಚಿತ್ರವನ್ನು ಹಿಂಬದಿಯಿಂದ ಸ್ಕ್ರೂ ಹಾಕಿ ತಳಕ್ಕೆ ಬಿಗಿಸಿ. ಪೆಟ್ಟಿಗೆಯನ್ನು ನಿಲ್ಲಿಸಿಯೇ ಒಯ್ಯಬೇಕೆಂದು ನಾಲ್ಕೂ ಕಡೆ ಬಾಣದ ಗುರುತಿನೊಂದಿಗೆ ಬರೆಯಿರಿ. ಮೇ ತಿಂಗಳಲ್ಲಿ ಕಳಿಸುವುದಾದರೆ ರಾತ್ರಿ ಬಸ್ಸಿಗೇ ಹಾಕಿ. ಹಗಲು ಬಸ್ಸಿನ ಡಿಕ್ಕಿಯ ಕಾವಿಗೆ ಒಳಗೆ ಒಣಗದ ಬಣ್ಣ ಜಾರುತ್ತದೆ.